ಒತ್ತು

ಕೊಡಗಿನ ಹೆಸರುಗಳಿಗೆ ಒತ್ತು ಬಹಳ.
ಚಿಣ್ಣಪ್ಪ, ಬೆಳ್ಯಪ್ಪ, ಉತ್ತಯ್ಯ, ಬೊಳ್ಳವ್ವ.
ವಿರಾಜಪೇಟೆ ತಾಲೂಕು ಕಚೇರಿಯೆದುರು
ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ಕೂತು
ಹದಿನಾರು ವರ್ಷದಿಂದ ಇವರನ್ನೆಲ್ಲ
ಎಡಗೈ ತೋರುಬೆರಳಲ್ಲಿ ಕೂಡಿಸುತ್ತಿದ್ದೇನೆ.

ಎಫ್ ಕೀಲಿಗೆ ಕನ್ನಡದಲ್ಲಿ ಸ್ವಂತ ದನಿಯಿಲ್ಲ.
ಮುಂದಿನ ಅಕ್ಷರದ ಉಸಿರು ಹಿಡಿದು
ಹಿಂದೆ ಬಂದದ್ದನ್ನು ಅದರ ಕಾಲಬುಡದಲ್ಲಿ ಕೂರಿಸುವುದು,
ಅಷ್ಟೇ ಅದರ ಚಾಕರಿ.
ಒತ್ತಿದರೆ ಒತ್ತು.

ಕೀಬೋರ್ಡು ಹುಣಸೂರಿನ ಬ್ಯಾಂಕೊಂದು ಹರಾಜಿಗಿಟ್ಟದ್ದು.
ಇಟ್ಟಿಗೆಯಷ್ಟು ಭಾರ.
ಕೀಲಿಗೊಂದು ಸ್ವಿಚ್ಚು, ಸ್ವಿಚ್ಚಿಗೊಂದು ಸ್ಪ್ರಿಂಗು.
ತಂದ ಹೊಸತರಲ್ಲಿ ಎಲ್ಲದರ ಅರ್ಧ ದಾರಿಗೆ
ಸಣ್ಣದೊಂದು ಹೊಸಿಲಿತ್ತು.
ಹಣ್ಣಾದ ಕಾಫಿ ಬಿಡಿಸುವಾಗ ತೊಟ್ಟು
ಮೊದಲು ‘ತಡಿ’ ಅನ್ನುತ್ತದಲ್ಲ,
ಆಮೇಲೆ ಟಿಕ್ ಎಂದು ತಾನೇ ಕೈಗೆ ಬರುತ್ತದಲ್ಲ,
ಹಾಗೆ.

ಹೊಸಿಲು ಸವೆದದ್ದು ಯಾವ ವರ್ಷವೋ.
ಜಮ್ಮಾ ಜಮೀನಿನ ತಕರಾರುಗಳಲ್ಲೋ,
ಕೋವಿ ವಿನಾಯಿತಿಯ ಅರ್ಜಿಗಳಲ್ಲೋ,
ತಿತಿಮತಿ ಹಾಡಿಯ ಚೋಮಿಗೆ
ಒಂದೇ ಸರ್ಟಿಫಿಕೇಟಿಗೆ ಬರೆದುಕೊಟ್ಟ
ಐದನೆಯ ಮನವಿಯಲ್ಲೋ.
ಟಿಕ್ ಮೆತ್ತಗಾಯಿತು.
ಕೀಲಿಯ ಮೇಲಿನ ಗುರುತಿನ ಗೆರೆ ನುಣುಪಾಯಿತು.
ಬೆರಳೂ ಜೊತೆಗೇ ಸವೆಯುತ್ತಿದ್ದದ್ದಕ್ಕೆ
ನನಗದು ತಿಳಿಯಲೇ ಇಲ್ಲ.

ತಿಳಿದದ್ದು ಪ್ರಮೀಳಾಗೆ.
ನನಗೆ ಜ್ವರ ಬಂದ ಎರಡು ವಾರ
ನನ್ನ ಕುರ್ಚಿಯಲ್ಲಿ ಕೂತ ಪಾಲಿಬೆಟ್ಟದ ಹುಡುಗಿ.
“ಅಕ್ಕಾ, ಎಫ್ ಮುಟ್ಟುವ ಮೊದಲೇ ಒತ್ತಿಕೊಳ್ಳುತ್ತೆ.
ಪಕ್ಕದ್ದೆಲ್ಲ ಕಾಯಿ, ಅದೊಂದು ಗೊಟ್ಟು ಹಣ್ಣು.”

ಮೊನ್ನೆ ಅಣ್ಣತಮ್ಮಂದಿರಿಬ್ಬರು ಎದುರು ಕೂತಿದ್ದಾಗ
ಅದು ತೊದಲಿತು.
ಒಮ್ಮೆ ಒತ್ತಿದ್ದನ್ನು ಎರಡು ಸಲ ಎಣಿಸಿತು.
ಕೂಡಬೇಕಾದವು ಕೂಡದೆ
ಪಾಲುಪಟ್‌ಟಿ ಎಂದು
ಪರದೆಯ ಮೇಲೆ ಬೇರೆಬೇರೆ ನಿಂತವು.
ದೊಡ್ಡವನು ನಕ್ಕ. ಸಣ್ಣವನು ನಗಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿಯ ಕುಂಞಮ್ಮದ್
ಕೀಬೋರ್ಡನ್ನು ಕೋಳಿಯಂತೆ ಅಂಗಾತ ಮಲಗಿಸಿ
ಒಳಗೆ ಹದಿನಾರು ವರ್ಷದ ನನ್ನ ಕೂದಲು, ಬಿಸ್ಕತ್ತು ತೋರಿಸಿದ.
“ಈ ಸ್ವಿಚ್ಚು ಈಗೆಲ್ಲಿ ಸಿಗುತ್ತೆ?
ಕೆಲಸವಿಲ್ಲದ್ದು ಯಾವುದು ಹೇಳಿ, ಅದನ್ನು ಕಿತ್ತು ಇಲ್ಲಿ ಹಾಕೋಣ.”
ನಾನು ಎಡಮೂಲೆಯ ಝಡ್ ತೋರಿಸಿದೆ: ಞ.
ವಿಜ್ಞಾಪನೆಗೊಮ್ಮೆ, ಪ್ರತಿಜ್ಞೆಗೊಮ್ಮೆ ಬಿಟ್ಟರೆ
ಯಾರೂ ಕರೆಯದ ಅಕ್ಷರ.
“ಅದು ನನ್ನದು,” ಅಂದ, ಕಾವಿದ ಕಡ್ಡಿ ಊದುತ್ತಾ,
“ಪರವಾಗಿಲ್ಲ.”
ಹೊಗೆ, ಸೀಸದ ವಾಸನೆ.
ಅದನ್ನಿಲ್ಲಿಗೆ, ಇದನ್ನಲ್ಲಿಗೆ.

ವಾರವಿಡೀ ಬೆರಳು ಎಡವಿತು.
ಹದಿನಾರು ವರ್ಷ ಕೂತು ಉಂಡ ಞದ ಸ್ಪ್ರಿಂಗು
ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.
ಮುತ್ತಮ್ಮ ಮುತತಮಮ ಆದಳು.
ರಾತ್ರಿ ತೋರುಬೆರಳ ಗಿಣ್ಣು ನೋಯುತ್ತಿತ್ತು.
ಆದರೆ ಟಿಕ್!
ಮರೆತೇ ಹೋಗಿದ್ದ ಆ ಸದ್ದಿಗೆ
ಬೇಡದ ಕಡೆಯೂ ಒಂದೆರಡು ಸಲ ಒತ್ತಿದ್ದೇನೆ.

ಕೂಲಿ ಎಷ್ಟೆಂದರೆ ಹೇಳಲಿಲ್ಲ.
ರೇಷನ್ ಕಾರ್ಡು ಮುಂದಿಟ್ಟ.
ಅದರಲ್ಲಿ ಕುಂಜಮ್ಮದ್ ಎಂದಿತ್ತು.
“ಜ ಅಲ್ಲ. ನಿಮಗೆ ಗೊತ್ತಲ್ಲ.”
ತಿದ್ದುಪಡಿ ಅರ್ಜಿ ಹೊಡೆಯಲು ಕೂತೆ.
ಕು. ಸೊನ್ನೆ.
ಮೂಲೆಗೆ ಹೋದ ಮುದಿ ಸ್ವಿಚ್ಚಿನ ಮೇಲೆ ಕಿರುಬೆರಳಿಟ್ಟೆ,
ಇನ್ನೂ ಒತ್ತಿರಲಿಲ್ಲ,
ಞಞ ಅಂದಿತು.

ಒಂದನ್ನು ಅಳಿಸಿ ಮುಂದಕ್ಕೆ ಹೋದೆ,
ಮ, ಒತ್ತು, ಮ.